ಹಾಡಿನ ದನಿಯನ್ನು ಸಮಮಾಡುವ ಬಗೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನೋಯಿಡಾದಿಂದ ದ್ವಾರಕಾದವರೆಗೆ ಚದರಿಹೋಗಿರುವ ನಮ್ಮ ಮನೆಗಳಲ್ಲಿ ಕನ್ನಡವು ಮಕ್ಕಳ ಕಿವಿಗೆ ಬೀಳುವುದು ಬಹುಮಟ್ಟಿಗೆ ಹಾಡಿನ ಮೂಲಕವೇ. ಊರಿನಿಂದ ತಂದ ಕ್ಯಾಸೆಟ್ಟುಗಳೂ ಗ್ರಾಮಾಫೋನು ತಟ್ಟೆಗಳೂ ಈಗ ಕಡತಗಳಾಗಿ ಹೆಬ್ಬೆರಳಿನಷ್ಟು ಪೆನ್‌ಡ್ರೈವಿನಲ್ಲಿ ಅಡಗಿವೆ. ಅದನ್ನು ಹಚ್ಚಿದರೆ ಆಗುವುದೇನು? ಕಾಳಿಂಗರಾಯರ ಹಾಡು ಪಕ್ಕದ ಕೋಣೆಗೂ ಕೇಳಿಸದು. ಅದರ ಬೆನ್ನಿಗೇ ಬರುವ ಇಂದಿನ ಚಿತ್ರಗೀತೆ ನೆರೆಮನೆಯವರನ್ನೂ ಎಬ್ಬಿಸುತ್ತದೆ. ಹಳಬರ ದನಿಯೇ ಕ್ಷೀಣವೆಂದು ಮಕ್ಕಳು ತಿಳಿದರೆ ಅದು ಅವರ ತಪ್ಪಲ್ಲ. ನಾನು ಸಂಗೀತಗಾರನಲ್ಲ, ಇಂಜಿನಿಯರನೂ ಅಲ್ಲ, ಬ್ಯಾಂಕಿನ ಗುಮಾಸ್ತೆ. ಆದರೆ ಈ ವಿಷಯ ಕೊನೆಗೆ ಅಂಕಿಗಳದೇ ಆದುದರಿಂದ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಸಿ.ಡಿ. ದರ್ಜೆಯ ಕಡತದಲ್ಲಿ ದನಿಯ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಬರೆದಿರುತ್ತದೆ. ಯಾವ ಅಂಕಿಯೂ ಮೇಲಕ್ಕೆ 32,767ನ್ನು ಮೀರುವಂತಿಲ್ಲ. ಇಲ್ಲಿ ಓವರ್‌ಡ್ರಾಫ್ಟ್ ಎಂಬುದಿಲ್ಲ! ದನಿ ಸಾಲದೆಂದು 6 ಡೆಸಿಬೆಲ್ ಏರಿಸಿದರೆ ಅಂಕಿಗಳೆಲ್ಲ ಹೆಚ್ಚುಕಡಿಮೆ ಎರಡರಷ್ಟಾಗುತ್ತವೆ. 10,000 ಇದ್ದದ್ದು 20,000 ಆದೀತು, ಬಾಧಕವಿಲ್ಲ. 20,000 ಇದ್ದದ್ದು 40,000 ಆಗಬೇಕು. ಅಂಕಣದಲ್ಲಿ ಸ್ಥಳವಿಲ್ಲದೆ 32,767 ಎಂದೇ ದಾಖಲಾಗುತ್ತದೆ. 25,000 ಇದ್ದದ್ದಕ್ಕೂ ಅದೇ ಗತಿ. ಅಲೆಯ ನೆತ್ತಿ ಚಪ್ಪಟೆಯಾಗಿ ತಾರಸ್ಥಾಯಿಯಲ್ಲಿ ದನಿ ಒಡೆದು ಗರಗರ ಎನ್ನುತ್ತದೆ. ಇದೇ ಕ್ಲಿಪ್ಪಿಂಗ್. ಹಾಗೆ ಉಳಿಸಿದ ಮೇಲೆ 20,000 ಯಾವುದು, 25,000 ಯಾವುದು ಎಂದು ಯಾವ ಆಡಿಟರನೂ ಹೇಳಲಾರ. ಮೂಲ ಕ್ಯಾಸೆಟ್ಟು ಕಬಾಡಿಯವನ ಪಾಲಾಗಿದ್ದರೆ ಹಾಡು ಹೋದಂತೆಯೇ.

ಅತಿ ಎತ್ತರದ ಅಂಕಿ ಮೇಲ್ಮಿತಿಯನ್ನು ಮುಟ್ಟುವವರೆಗೆ ಮಾತ್ರ ಏರಿಸಿದರಾಯಿತಲ್ಲ, ಎಂದು ತಾವು ಕೇಳಬಹುದು. ಕ್ಲಿಪ್ಪಿಂಗ್ ಆಗದು, ನಿಜ. ದನಿ ಸಮವೂ ಆಗದು. 78ರ ವೇಗದ ಹಳೆಯ ತಟ್ಟೆಗಳಲ್ಲಿ ಆ ಎತ್ತರದ ಅಂಕಿ ಎಷ್ಟೋ ವೇಳೆ ಗಾಯಕರದಲ್ಲ, ಮುಳ್ಳು ಗೀರನ್ನು ದಾಟಿದ ‘ಟಕ್’ ಶಬ್ದದ್ದು. ಆ ಒಂದು ಟಕ್ಕಿನ ದೆಸೆಯಿಂದ ಇಡೀ ಹಾಡು ಕೆಳಗೇ ಉಳಿಯುತ್ತದೆ. ನಮ್ಮ ಕಿವಿ ಹಿಡಿಯುವುದು ತುದಿಯನ್ನಲ್ಲ, ಸರಾಸರಿಯನ್ನು. ಡೇವಿಡ್ ರಾಬಿನ್ಸನ್ 2001ರಲ್ಲಿ ಮುಂದಿಟ್ಟ ರಿಪ್ಲೇಗೇನ್ ಈ ಕಿವಿಯ ಲೆಕ್ಕವನ್ನೇ ಅನುಸರಿಸುತ್ತದೆ. ಯೂರೋಪಿನ ಪ್ರಸಾರ ಒಕ್ಕೂಟವೂ 2010ರಲ್ಲಿ ಇಂಥದೇ ಅಳತೆಯನ್ನು ಒಪ್ಪಿಕೊಂಡಿತು.

ನನ್ನ ಮತ ಇಷ್ಟೆ: ಮೆಲುದನಿಯವರನ್ನು ಗದ್ದಲದವರ ಮಟ್ಟಕ್ಕೆ ಎಳೆಯಬೇಡಿ, ಗದ್ದಲದವರನ್ನೇ ಕೆಳಗಿಳಿಸಿ. ಇಳಿಸುವುದರಲ್ಲಿ ಕ್ಲಿಪ್ಪಿಂಗಿನ ಭಯವಿಲ್ಲ. ಕಡಿಮೆಬಿದ್ದ ದನಿಯನ್ನು ಆಂಪ್ಲಿಫೈಯರಿನ ಗುಂಡಿ ತುಂಬಿಕೊಡುತ್ತದೆ. (ಸ್ಟುಡಿಯೋದಲ್ಲೇ ನೆತ್ತಿ ಕತ್ತರಿಸಿಕೊಂಡು ಬಂದ ಹಾಡುಗಳಿಗೆ ಮಾತ್ರ ಇದು ಮದ್ದಲ್ಲ.) ರಿಪ್ಲೇಗೇನ್ ಹಾಡಿನ ಅಂಕಿಗಳನ್ನು ಮುಟ್ಟದೆ, ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬ ಷರಾವನ್ನಷ್ಟೆ ಕಡತದಲ್ಲಿ ಬರೆಯುತ್ತದೆ. ಆ ಷರಾ ಓದಲಾರದ ಯಂತ್ರಗಳಿಗಾಗಿ ಎಂಪಿ3ಗೇನ್ ಎಂಬ ಉಚಿತ ತಂತ್ರಾಂಶವಿದೆ. ಅದು 1.5 ಡೆಸಿಬೆಲ್‌ನ ಮೆಟ್ಟಿಲುಗಳಲ್ಲಿ ದನಿಯನ್ನು ಬದಲಿಸುತ್ತದೆ. ಬೇಡವಾದರೆ ಮೊದಲಿನಂತೆ ಮಾಡಬಹುದು. ಅದರಲ್ಲಿ ಮೊದಲೇ ಗೊತ್ತುಮಾಡಿರುವ 89 ಡೆಸಿಬೆಲ್‌ನ ಮಟ್ಟ ಸಾಕು. ಅಲ್ಲಿಯೂ ಕ್ಲಿಪ್ಪಿಂಗ್ ಎಂದು ತೋರಿಸಿದರೆ ಎಲ್ಲ ಹಾಡುಗಳ ಮಟ್ಟವನ್ನೂ ಇನ್ನಷ್ಟು ಇಳಿಸಿ.

ಒಂದೇ ಕಛೇರಿಯ ಹಾಡುಗಳನ್ನು ಬಿಡಿಬಿಡಿಯಾಗಿ ಸಮಮಾಡದೆ ಆಲ್ಬಮ್ ಲೆಕ್ಕದಲ್ಲಿ ಒಟ್ಟಾಗಿ ಮಾಡಿ. ಮಲ್ಲಿಕಾರ್ಜುನ ಮನಸೂರರು ಖ್ಯಾಲಿಗಿಂತ ವಚನವನ್ನು ಮೆಲ್ಲಗೆ ಹಾಡಿದ್ದರೆ ಅದು ಅವರ ಇಚ್ಛೆ. ತಿದ್ದಲು ನಾವು ಯಾರು?

ಕ್ಯಾಸೆಟ್ಟುಗಳನ್ನು ಇನ್ನೂ ಕಂಪ್ಯೂಟರಿಗೆ ಇಳಿಸದವರು 24 ಬಿಟ್ಟಿನಲ್ಲಿ, ಅತಿ ಜೋರಾದ ಭಾಗವೂ ಮೇಲ್ಮಿತಿಗಿಂತ 6 ಡೆಸಿಬೆಲ್ ಕೆಳಗೇ ನಿಲ್ಲುವಂತೆ ಮುದ್ರಿಸಿಕೊಳ್ಳಿ. ಆ ಮೂಲಪ್ರತಿಯನ್ನು ಮುಟ್ಟದೆ ಬೇರೆಯಾಗಿ ಇಡಿ. ಟೇಪ್‌ರಿಕಾರ್ಡರ್ ಇಲ್ಲವೆನ್ನುವವರಿಗೆ ನನ್ನದು ಇದೆ; ಊಟದ ವೇಳೆ ಹಿಂದಿನ ಸಾಲಿನಲ್ಲಿ ಸಿಗುತ್ತೇನೆ.