ಲೋಟದೊಳಗಿನ ಬೆಟ್ಟಾ ಮೀನು



ಹುಲಿಯೂರುದುರ್ಗದವರಾದ ನಮಗೆ ‘ಬೆಟ್ಟ’ ಎಂದರೆ ಊರಿನ ನೆತ್ತಿಯ ಮೇಲೆ ನಿಂತ ದುರ್ಗದ ಬಂಡೆ. ಆದರೆ ನಾನು ಹೇಳಹೊರಟಿರುವುದು ಕಿರುಬೆರಳುದ್ದದ ಬೆಟ್ಟಾ ಎಂಬ ಮೀನಿನ ವಿಚಾರ. ಬೆಂಗಳೂರಿನಲ್ಲೋ ತುಮಕೂರಿನಲ್ಲೋ ಅಲಂಕಾರಿಕ ಮೀನಿನ ಅಂಗಡಿಗೆ ಹೋದಾಗ ನೀವು ಇದನ್ನು ನೋಡಿರಬಹುದು. ಬೇರೆ ಮೀನುಗಳು ದೊಡ್ಡ ಗಾಜಿನ ತೊಟ್ಟಿಯಲ್ಲಿ ಈಜುತ್ತಿರುತ್ತವೆ. ಇದು ಮಾತ್ರ ಪ್ಲಾಸ್ಟಿಕ್ ಲೋಟದಲ್ಲೋ ಸಣ್ಣ ಬಾಟಲಿಯಲ್ಲೋ ಒಂಟಿಯಾಗಿರುತ್ತದೆ. ಕೇಳಿದರೆ, “ಇದಕ್ಕೆ ಇಷ್ಟು ನೀರೇ ಸಾಕು” ಎಂಬ ಉತ್ತರ ಸಿಗುತ್ತದೆ.

ಈ ಮಾತು ಅರ್ಧ ಸತ್ಯ. ಬೆಟ್ಟಾ ಥಾಯ್ಲೆಂಡಿನ ಮೀನು. 2019ರಲ್ಲಿ ಆ ದೇಶ ಅದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ಭತ್ತದ ಗದ್ದೆ, ಜೌಗು, ಕಾಲುವೆಗಳ ನಿಂತ ನೀರು ಅದರ ಮನೆ. ಅಂಥ ನೀರಿನಲ್ಲಿ ಆಮ್ಲಜನಕ ಕಡಿಮೆ. ಆದ್ದರಿಂದ ನಮ್ಮ ಕೆರೆಯ ಕೊರವ ಮೀನಿನಂತೆ ಇದೂ ಮೇಲೆ ಬಂದು ಗಾಳಿಯನ್ನೇ ಗುಟುಕರಿಸಬಲ್ಲದು. ಲೋಟದಲ್ಲಿ ಅದು ತಕ್ಷಣ ಸಾಯದಿರುವುದು ಈ ಶಕ್ತಿಯಿಂದ. ಆದರೆ ಗದ್ದೆಯ ನೀರು ಆಳವಿಲ್ಲದಿದ್ದರೂ ವಿಶಾಲವಾಗಿರುತ್ತದೆ. ಲೋಟಕ್ಕೆ ಆ ವಿಶಾಲತೆ ಎಲ್ಲಿಂದ ಬರಬೇಕು?

ಅಂಗಡಿಯವರನ್ನೇ ದೂರುವುದೂ ನ್ಯಾಯವಲ್ಲ. ಗಂಡು ಬೆಟ್ಟಾಗಳು ಎದುರಾದರೆ ರೆಕ್ಕೆ ಹರಿಯುವಂತೆ ಕಾದಾಡುತ್ತವೆ. ಹಿಂದೆ ಸಯಾಮಿನಲ್ಲಿ ಕಾಳಗಕ್ಕೆಂದೇ ಇವುಗಳನ್ನು ಸಾಕಿ ಬೆಳೆಸುತ್ತಿದ್ದರು. ಹಾಗಾಗಿ ಪ್ರತ್ಯೇಕವಾಗಿ ಇಡಲೇಬೇಕು. ತಂದ ಮೀನು ಒಂದೆರಡು ದಿನ ಲೋಟದಲ್ಲಿದ್ದರೆ ದೊಡ್ಡ ಅಪಾಯವಿಲ್ಲ. ಮಾರಾಟವಾಗದೆ ವಾರಗಟ್ಟಲೆ ಅಲ್ಲೇ ಉಳಿದಾಗ ಕಷ್ಟ ಶುರುವಾಗುತ್ತದೆ. ಮೀನು ಹೊರಬಿಡುವ ಅಮೋನಿಯ ಅಷ್ಟೇ ನೀರಿನಲ್ಲಿ ಸೇರುತ್ತಾ ಹೋಗಿ ಕಿವಿರನ್ನು ಸುಡುತ್ತದೆ. ಸುಮಾರು 24ರಿಂದ 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರು ಬೇಕಾದ ಜೀವಿಗೆ ನಮ್ಮ ಮಾಗಿಯ ರಾತ್ರಿಯಲ್ಲಿ ಲೋಟದ ನೀರು ಬೇಗ ತಣ್ಣಗಾಗುತ್ತದೆ. ಪಕ್ಕದ ಲೋಟದ ಗಂಡು ಸದಾ ಕಣ್ಣೆದುರಿಗಿದ್ದರೆ ಮೈ ಉಬ್ಬಿಸಿ ಉಬ್ಬಿಸಿ ಬಳಲುತ್ತದೆ.

ಇದಕ್ಕೆ ಪರಿಹಾರವಿದೆ. ಉದ್ದನೆಯ ತೊಟ್ಟಿಯನ್ನು ಮಸುಕಾದ ಹಲಗೆಗಳಿಂದ ಕೋಣೆಗಳಾಗಿ ವಿಂಗಡಿಸಿ, ಎಲ್ಲಕ್ಕೂ ಒಂದೇ ಫಿಲ್ಟರಿನ ನೀರು ಹರಿಯುವಂತೆ ಮಾಡಬಹುದು. ಮೀನುಗಳು ಬೇರೆ ಬೇರೆಯಾಗಿಯೂ ಇರುತ್ತವೆ, ನೀರೂ ಶುದ್ಧವಾಗಿರುತ್ತದೆ.

ಕಾನೂನು ಏನು ಹೇಳುತ್ತದೆ? ಅಕ್ವೇರಿಯಂ ಅಂಗಡಿಗಳಿಗೆಂದೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮಗಳನ್ನು ಹೊರಡಿಸಿ, ಅದೇ ವರ್ಷ ಹಿಂತೆಗೆದುಕೊಂಡಿತು. ಆದರೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಇದೆ. ಅದರಲ್ಲಿ ‘ಪ್ರಾಣಿ’ ಎಂದರೆ ಮನುಷ್ಯನ ಹೊರತಾದ ಪ್ರತಿಯೊಂದು ಜೀವಿ. ಚಲಿಸಲು ತಕ್ಕಷ್ಟು ಜಾಗವಿಲ್ಲದ ಪಂಜರದಲ್ಲಾಗಲಿ ಪಾತ್ರೆಯಲ್ಲಾಗಲಿ ಪ್ರಾಣಿಯನ್ನು ಕೂಡಿಡುವುದು ಅದರ 11ನೇ ಕಲಮಿನ ಪ್ರಕಾರ ಅಪರಾಧ.

ಕಾನೂನಿಗಿಂತ ಮೊದಲು ಕೆಲಸ ಮಾಡುವುದು ಗಿರಾಕಿಯ ಪ್ರಶ್ನೆ. ಮಕ್ಕಳು ಹಠ ಹಿಡಿದರೆಂದು ಕೊಳ್ಳುವ ಮುನ್ನ ನೀವು ಕೇಳಿರಿ: ಈ ಮೀನು ಬಂದು ಎಷ್ಟು ದಿನವಾಯಿತು? ನೀರು ಬದಲಿಸಿದ್ದು ಯಾವಾಗ? ರೆಕ್ಕೆ ಮುದುಡಿ ತಳದಲ್ಲಿ ಬಿದ್ದಿದೆಯೆ, ಮೈಮೇಲೆ ಹತ್ತಿಯಂಥ ಬಿಳಿ ಅಂಟಿದೆಯೆ ನೋಡಿರಿ. ಹತ್ತು ಗಿರಾಕಿಗಳು ಹೀಗೆ ಕೇಳಿದರೆ ಅಂಗಡಿಯ ವ್ಯವಸ್ಥೆ ತಾನಾಗಿ ಬದಲಾಗುತ್ತದೆ.

ಮನೆಗೆ ತಂದ ಮೇಲೆ ಆ ಲೋಟವೇ ಅದರ ಮನೆಯಾಗಬಾರದು. ಸುಮಾರು ಇಪ್ಪತ್ತು ಲೀಟರಿನ ತೊಟ್ಟಿ, ಮೆಲ್ಲನೆ ಹರಿಯುವ ಫಿಲ್ಟರು, ಹಾರಿ ಬೀಳದಂತೆ ಮುಚ್ಚಳ, ಮುಚ್ಚಳದ ಕೆಳಗೆ ಉಸಿರಿಗೆ ಗಾಳಿ ಇಷ್ಟಿರಲಿ. ಕ್ಲೋರಿನ್ ತೆಗೆಯದ ನಲ್ಲಿ ನೀರನ್ನು ನೇರವಾಗಿ ಸುರಿಯಬೇಡಿ. ಬೇಸರವಾಯಿತೆಂದು ಕೆರೆಗೆ ಬಿಡಲೂ ಬೇಡಿ. ಅದು ನಮ್ಮ ಕೆರೆಯ ಮೀನಲ್ಲ. ಇಷ್ಟು ಅನುಕೂಲವಿಲ್ಲದಿದ್ದರೆ ಕೊಳ್ಳದಿರುವುದೇ ಲೇಸು.

ಗಂಡು ಬೆಟ್ಟಾ ನೊರೆಯ ಗೂಡು ಕಟ್ಟಿ, ಮೊಟ್ಟೆ ಜಾರಿದರೆ ಬಾಯಲ್ಲಿ ಎತ್ತಿ ಮತ್ತೆ ಗೂಡಿಗೆ ಸೇರಿಸುವ ತಂದೆ. ಅಂಥ ಜೀವ ಸಾಯದೆ ಉಳಿದಿದೆ ಎಂದ ಮಾತ್ರಕ್ಕೆ ಸುಖವಾಗಿದೆ ಎಂದು ತಿಳಿಯಬಾರದು. ಉಳಿಯುವುದು ಬೇರೆ, ಬಾಳುವುದು ಬೇರೆ. ನಮ್ಮ ಮಕ್ಕಳು ಈ ವ್ಯತ್ಯಾಸವನ್ನು ಚಿಕ್ಕ ಮೀನಿನಿಂದಲೇ ಕಲಿಯಲಿ ಎಂಬುದು ನನ್ನ ವಿನಂತಿ.