ನೆಲದಡಿಯ ಅನಿಲ, ಊರಿನ ತೀರ್ಮಾನ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಕೆಲಸದ ನಿಮಿತ್ತ ನಾನು ಕೆಲವು ವರ್ಷ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿದ್ದೆ. ಅದರ ಪಕ್ಕದಲ್ಲೇ ಡ್ರೈಡನ್ ಇದೆ. ಹಸು ಸಾಕುವವರು, ಜೋಳ ಬೆಳೆಯುವವರು ಇರುವ, ಸುಮಾರು 14 ಸಾವಿರ ಜನರ ಊರು. ಆ ಊರು ಫ್ರ್ಯಾಕಿಂಗ್ ಅನ್ನು ಹೇಗೆ ತಡೆಯಿತು ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ.

ಬೋರ್‌ವೆಲ್ ಕೊರೆಯುವುದನ್ನು ನೋಡದವರು ಇಲ್ಲಿ ಯಾರೂ ಇಲ್ಲ. ಫ್ರ್ಯಾಕಿಂಗ್‌ನಲ್ಲಿ ಒಂದೂವರೆ ಎರಡು ಕಿಲೋಮೀಟರ್ ಆಳ ಕೊರೆದು, ಆಮೇಲೆ ಕೊಳವೆಯನ್ನು ಅಡ್ಡಲಾಗಿ ತಿರುಗಿಸುತ್ತಾರೆ. ನೀರು, ಮರಳು, ರಾಸಾಯನಿಕ ಬೆರೆಸಿ ಭಾರೀ ಒತ್ತಡದಲ್ಲಿ ನುಗ್ಗಿಸಿ, ಶೇಲ್ ಎಂಬ ಪದರಗಲ್ಲನ್ನು ಬಿರುಕು ಬಿಡಿಸಿ, ಅದರೊಳಗಿನ ಅನಿಲ ತೆಗೆಯುತ್ತಾರೆ. ಒಂದು ಬಾವಿಗೆ ಕೋಟಿ ಲೀಟರಿಗೂ ಹೆಚ್ಚು ನೀರು ಬೇಕು. ವಾಪಸು ಬರುವ ನೀರಿನಲ್ಲಿ ವಿಪರೀತ ಉಪ್ಪು, ಬೇರಿಯಂ, ವಿಕಿರಣ ಸೂಸುವ ರೇಡಿಯಂ ಇರುತ್ತವೆ. ಅದನ್ನು ಎಲ್ಲಿ ಚೆಲ್ಲುವುದು?

ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಇದು ಮೊದಲೇ ಶುರುವಾಗಿತ್ತು. 2009ರ ಜನವರಿ 1ರಂದು ಡಿಮೋಕ್ ಎಂಬ ಹಳ್ಳಿಯಲ್ಲಿ ಮನೆಯೊಂದರ ಕುಡಿಯುವ ನೀರಿನ ಬಾವಿ ಸ್ಫೋಟಿಸಿತು. ಅನಿಲ ಬಾವಿಗಳ ಲೋಪದಿಂದ ಅಂತರ್ಜಲಕ್ಕೆ ಮೀಥೇನ್ ಸೇರಿದೆ ಎಂದು ಅಲ್ಲಿನ ಪರಿಸರ ಇಲಾಖೆ ಹೇಳಿತು.

ಆದರೂ ಡ್ರೈಡನ್‌ನಲ್ಲಿ ಎಲ್ಲರೂ ಒಂದೇ ಮಾತಾಡಲಿಲ್ಲ. ಆಗ ಹಾಲಿನ ಬೆಲೆ ಬಿದ್ದಿತ್ತು. ಸಾಲದಲ್ಲಿದ್ದ ರೈತನಿಗೆ ಗುತ್ತಿಗೆ ಹಣ ಬೇಡವೆನ್ನುವುದು ಸುಲಭವೇ? ಮುಂದೇನಾಗುತ್ತದೆಂದು ತಿಳಿಯದೆ ಸಹಿ ಹಾಕಿದವರೂ ಇದ್ದರು. ಅಕ್ಕಪಕ್ಕದ ಮನೆಯವರೇ ಎದುರುಬದುರಾದರು.

ವಿರೋಧಿಸಿದವರು ಕಾನೂನು ಓದಿದರು. ಅನಿಲ ಉದ್ಯಮದ ನಿಯಂತ್ರಣ ರಾಜ್ಯ ಸರ್ಕಾರದ್ದು. ಆದರೆ ಊರಿನ ಯಾವ ಜಾಗದಲ್ಲಿ ಏನಿರಬೇಕು ಎಂದು ಹೇಳುವ ಅಧಿಕಾರ ಊರಿನ ಆಡಳಿತ ಮಂಡಳಿಗಿತ್ತು. ಮನೆಮನೆಗೆ ಹೋಗಿ ಸಾವಿರಕ್ಕೂ ಹೆಚ್ಚು ಸಹಿ ಕೂಡಿಸಿದರು. 2011ರ ಆಗಸ್ಟ್‌ನಲ್ಲಿ ಮಂಡಳಿ ಸರ್ವಾನುಮತದಿಂದ ಅನಿಲ ಕೊರೆತವನ್ನು ನಿಷೇಧಿಸಿತು. ಕೂಡಲೇ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಮೂರು ಹಂತಗಳಲ್ಲೂ ಊರೇ ಗೆದ್ದಿತು. 2014ರ ಜೂನ್ 30ರಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ 5-2ರ ಬಹುಮತದಿಂದ ಊರಿನ ಹಕ್ಕನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆ, ಜನರ ಆರೋಗ್ಯಕ್ಕೆ ಅಪಾಯವಿಲ್ಲವೆಂದು ಖಚಿತವಾಗುವವರೆಗೆ ಇದು ಬೇಡ ಎಂದಿತು. ಇಡೀ ರಾಜ್ಯದಲ್ಲೇ ಫ್ರ್ಯಾಕಿಂಗ್ ನಿಂತಿತು.

ಆ ಎಚ್ಚರ ಅತಿಯಾಯಿತೇ? 2023ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಯನಗಳು ಪೆನ್ಸಿಲ್ವೇನಿಯಾದ ಅನಿಲ ಬಾವಿಗಳ ಹತ್ತಿರ ಇರುವವರಲ್ಲಿ ಆಸ್ತಮಾ ಉಲ್ಬಣಿಸುವುದನ್ನೂ, ಮಕ್ಕಳಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಹೆಚ್ಚಿರುವುದನ್ನೂ ಕಂಡವು. ಮಕ್ಕಳ ರಕ್ತಕ್ಯಾನ್ಸರಿಗೆ ಮಾತ್ರ ಅಂಥ ನಂಟು ಕಾಣಲಿಲ್ಲ. ಅದನ್ನೂ ಹೇಳುವುದು ನ್ಯಾಯ.

ನಮ್ಮೂರಿಗೆ ಫ್ರ್ಯಾಕಿಂಗ್ ಬರುತ್ತದೆಂದು ಹೆದರಿಸಲು ನಾನು ಬಂದಿಲ್ಲ. ನಮ್ಮ ಪಂಚಾಯಿತಿಗೂ ಅಲ್ಲಿನ ಮಂಡಳಿಗೂ ಇರುವ ಅಧಿಕಾರ ಒಂದೇ ಅಲ್ಲ. ಆದರೆ ಗಣಿಯೋ, ಕ್ರಷರೋ, ಕಾರ್ಖಾನೆಯೋ ಬಂದಾಗ ನಮ್ಮ ಮುಂದೆಯೂ ಒಂದು ಕಾಗದ ಇಡುತ್ತಾರೆ. ಅದನ್ನು ಪೂರ್ತಿ ಓದದೆ ಸಹಿ ಹಾಕಬೇಡಿ. ಗ್ರಾಮಸಭೆ ಕರೆದಾಗ ತಪ್ಪದೆ ಹೋಗಿ, ನಿಮ್ಮ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಹಣದ ಅಗತ್ಯವಿದ್ದು ಒಪ್ಪಿದ ನೆರೆಯವನನ್ನು ಶತ್ರುವೆಂದು ಬಗೆಯಬೇಡಿ. ನಾಳೆ ಅವನ ಬಾವಿಯೂ ನಿಮ್ಮ ಬಾವಿಯೂ ಕುಡಿಯುವುದು ಒಂದೇ ಅಂತರ್ಜಲವನ್ನು.

ಐವತ್ತು ವರ್ಷಗಳಿಂದ ಈ ಶಾಲೆ ನಮ್ಮೂರ ಮಕ್ಕಳಿಗೆ ಓದಲು ಕಲಿಸಿದೆ. ಆ ಓದು ಊರಿನ ನೀರು, ನೆಲಗಳ ಕಾವಲಿಗೂ ಒದಗಲಿ.