ಸ್ಟೋಕ್ ಮ್ಯಾಂಡವಿಲ್ಲಿನ ಕಾರ್ಯದರ್ಶಿ



'ಕಾರ್ಯದರ್ಶಿ' ಎಂಬ ಒಂದೇ ಶಬ್ದದ ಮೇಲೆ ನಾವು ಎರಡು ಹುದ್ದೆಗಳ ಭಾರವನ್ನು ಹೊರಿಸಿದ್ದೇವೆ. ಮೇಲಧಿಕಾರಿಗಳು ಹೇಳಿದ್ದನ್ನು ಬರೆದುಕೊಂಡು ಬೆರಳಚ್ಚು ಮಾಡುವವರೂ ಕಾರ್ಯದರ್ಶಿ, ಸಂಸ್ಥೆಯ ಆಡಳಿತವನ್ನು ನಡೆಸುವವರೂ ಕಾರ್ಯದರ್ಶಿ. ಮೊದಲನೆಯ ಅರ್ಥದಿಂದ ಎರಡನೆಯದಕ್ಕೆ ಒಂದೇ ಜೀವಮಾನದಲ್ಲಿ ನಡೆದುಬಂದ ಜೋನ್ ಸ್ಕ್ರೂಟನ್ ಎಂಬ ಆಂಗ್ಲ ಮಹಿಳೆಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇವೆ.

ಇಂಗ್ಲೆಂಡಿನ ಐಲ್ಸ್‌ಬರಿ ಪಟ್ಟಣದ ಬಳಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಿದೆ. ನಾಜಿಗಳ ಜರ್ಮನಿಯನ್ನು ತೊರೆದು 1939ರಲ್ಲಿ ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್ ಅವರು 1944ರಲ್ಲಿ ಅಲ್ಲಿ ಬೆನ್ನುಹುರಿಗೆ ಪೆಟ್ಟಾದ ಯೋಧರಿಗಾಗಿ ಚಿಕಿತ್ಸಾ ಕೇಂದ್ರವನ್ನು ತೆರೆದರು. ಅಂತಹ ಗಾಯಾಳುಗಳು ಹೆಚ್ಚು ದಿನ ಉಳಿಯರೆಂದೇ ಅಂದಿನ ವೈದ್ಯಲೋಕ ಕೈಚೆಲ್ಲಿತ್ತು. ಗುಟ್‌ಮನ್ನರು ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕೈಗೆ ಬಿಲ್ಲು ಕೊಟ್ಟರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಮಂದಿಯ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಯಿತು. ಪ್ಯಾರಾಲಿಂಪಿಕ್ ಕ್ರೀಡೆಗಳ ಮೂಲ ಅದೇ.

ಆ ವೈದ್ಯರ ಕಚೇರಿಗೆ ಕಾರ್ಯದರ್ಶಿಯಾಗಿ 1940ರ ದಶಕದಲ್ಲಿ ಸೇರಿದವರು ಸ್ಕ್ರೂಟನ್. ಕನಸು ವೈದ್ಯರದು, ನಿಜ. ಆದರೆ 1952ರಲ್ಲಿ ಡಚ್ ತಂಡವೊಂದು ಬಂದು ಕ್ರೀಡೆಗಳು ಅಂತರರಾಷ್ಟ್ರೀಯವಾದ ಮೇಲೆ ಆ ಕನಸು ಕಾಗದಪತ್ರಗಳ ರಾಶಿಯಾಯಿತು. ಯಾರ ಬೆನ್ನುಹುರಿಗೆ ಯಾವ ಮಟ್ಟದಲ್ಲಿ ಪೆಟ್ಟಾಗಿದೆ ಎಂಬುದು ತಿಳಿಯದೆ ಯಾರು ಯಾರೊಡನೆ ಸ್ಪರ್ಧಿಸಬೇಕೆಂದು ನಿರ್ಧರಿಸುವಂತಿಲ್ಲ. ಪ್ರವೇಶಪತ್ರ, ವೈದ್ಯಕೀಯ ವಿವರ, ಪ್ರಯಾಣ, ವಸತಿ, ಸಭೆಯ ನಡಾವಳಿ: ವರ್ಷವರ್ಷವೂ ಇದರದೇ ಆವರ್ತನೆ. ಚಪ್ಪಾಳೆ ಬೀಳುವ ಕೆಲಸವಲ್ಲ ಇದು. 1960ರಲ್ಲಿ ರೋಮ್‌ನಲ್ಲಿ ಸುಮಾರು 400 ಸ್ಪರ್ಧಿಗಳು ಸೇರಿದಾಗ, ವಸತಿಗೃಹಗಳ ಮೆಟ್ಟಿಲುಗಳ ಮೇಲೆ ಅವರನ್ನು ಸೈನಿಕರು ಹೊತ್ತೊಯ್ಯಬೇಕಾಯಿತಂತೆ!

ಗಾಲಿಕುರ್ಚಿ ಕ್ರೀಡೆಗಳಿಗಾಗಿ ಅಲ್ಲಿ ಬೆಳೆದ ದತ್ತಿಸಂಸ್ಥೆ ಇಂದು 'ವೀಲ್‌ಪವರ್' ಎಂಬ ಹೆಸರಿನಿಂದ ನಡೆಯುತ್ತಿದೆ. ದಾನಿಗಳ ನೆರವಿನಿಂದ ಕಟ್ಟಿದ ಕ್ರೀಡಾಂಗಣವನ್ನು 1969ರಲ್ಲಿ ರಾಣಿ ಎಲಿಜಬೆತ್ ಉದ್ಘಾಟಿಸಿದರು. ಸ್ಕ್ರೂಟನ್ ಕಾಲಾಂತರದಲ್ಲಿ ಅಂತರರಾಷ್ಟ್ರೀಯ ಸ್ಟೋಕ್ ಮ್ಯಾಂಡವಿಲ್ ಕ್ರೀಡಾ ಒಕ್ಕೂಟದ ಪ್ರಧಾನ ಕಾರ್ಯದರ್ಶಿಯಾದರು.

1980ರಲ್ಲಿ ಗುಟ್‌ಮನ್ ತೀರಿಕೊಂಡರು. ಸ್ಥಾಪಕರೊಡನೆ ಸಂಸ್ಥೆಗಳೂ ಅಸ್ತಮಿಸುವುದನ್ನು ನಾವು ಕಾಣದವರಲ್ಲ. ನಿಜವಾದ ಪರೀಕ್ಷೆ 1984ರಲ್ಲಿ ಬಂತು. ಗಾಲಿಕುರ್ಚಿಯ ಸ್ಪರ್ಧೆಗಳನ್ನು ನಡೆಸಬೇಕಿದ್ದ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಹಣದ ತೊಂದರೆಯಿಂದ ಕೊನೆಯ ಗಳಿಗೆಯಲ್ಲಿ ಹಿಂಜರಿಯಿತು. ಕೆಲವೇ ತಿಂಗಳ ಅವಧಿಯಲ್ಲಿ ಸ್ಟೋಕ್ ಮ್ಯಾಂಡವಿಲ್ ಆ ಹೊಣೆ ಹೊತ್ತು, 41 ದೇಶಗಳ ಸುಮಾರು 1,100 ಸ್ಪರ್ಧಿಗಳನ್ನು ಬರಮಾಡಿಕೊಂಡಿತು. ಇದು ಉತ್ಸಾಹವೊಂದರಿಂದಲೇ ಆಗುವ ಮಾತಲ್ಲ. ಯಾವ ದೇಶದ ಯಾರಿಗೆ ಬರೆಯಬೇಕು, ಯಾರಿಗೆ ಏನು ಬೇಕು ಎಂಬುದನ್ನು ದಶಕಗಳಿಂದ ಬಲ್ಲ ಕಚೇರಿಯೊಂದು ಅಲ್ಲಿತ್ತು ಎಂಬುದೇ ನಮ್ಮ ದೃಷ್ಟಿಯಲ್ಲಿ ಮುಖ್ಯವಾದ ಸಂಗತಿ.

1998ರಲ್ಲಿ ಸ್ಕ್ರೂಟನ್ ಈ ಐವತ್ತು ವರ್ಷಗಳ ಇತಿಹಾಸವನ್ನು ಪುಸ್ತಕವಾಗಿ ಪ್ರಕಟಿಸಿದರು. ಇನ್ನೊಬ್ಬರ ಮಾತನ್ನು ಬರೆದುಕೊಳ್ಳಲು ಸೇರಿದವರ ಲೇಖನಿಯಿಂದಲೇ ಸಂಸ್ಥೆಯ ಚರಿತ್ರೆ ಹೊರಬಂದುದು ಉಚಿತವೇ ಆಯಿತು.

2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 164 ದೇಶಗಳು ಪಾಲ್ಗೊಂಡವು. ಎತ್ತರ ಜಿಗಿತದಲ್ಲಿ ನಮ್ಮ ಹಾಸನ ಜಿಲ್ಲೆಯ ಗಿರೀಶ ಬೆಳ್ಳಿಯ ಪದಕ ಗೆದ್ದರು. ಆ ಬಾರಿ ಭಾರತಕ್ಕೆ ದೊರೆತುದು ಅದೊಂದೇ ಪದಕ. ಸ್ಟೋಕ್ ಮ್ಯಾಂಡವಿಲ್ ಕ್ರೀಡಾಂಗಣದಲ್ಲಿ 2019ರಿಂದ ಪ್ಯಾರಾಲಿಂಪಿಕ್ ಪರಂಪರೆಯ ಸಂಗ್ರಹಾಲಯವೊಂದಿದೆ. ಆ ಕಡೆ ಹೋಗುವವರು ಮಕ್ಕಳನ್ನೂ ಕರೆದೊಯ್ಯಿರಿ. ಅವರು ಪದಕಗಳನ್ನು ನೋಡುತ್ತಿರಲಿ, ನೀವು ಹಳೆಯ ಕಾಗದಗಳತ್ತಲೂ ಒಮ್ಮೆ ಕಣ್ಣು ಹಾಯಿಸಿ.